ಹಸಿರು ತಾರಸಿ ಸೇವೆ: ಎರಡು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ನಮ್ಮ ವಸತಿ ಕಟ್ಟಡದ ತಾರಸಿಗೆ ಹಸಿರು ಹೊದಿಕೆ, ಅಂದರೆ ಮಣ್ಣು ಹರಡಿ ಬೆಳೆಸಿದ ಗಿಡಗಳ ಹೊದಿಕೆ, ಹಾಕಿಸಿ ಈಗ ಎರಡು ವರ್ಷ ತುಂಬಿದೆ. ಕೆಲಸ ವಹಿಸಿಕೊಂಡ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಅವರು ಅನುಸರಿಸಿದ ಪದ್ಧತಿ ಈ ವೃತ್ತಿಯಲ್ಲಿ ತೀರ ಸಾಮಾನ್ಯವಾದದ್ದು. ಆದ್ದರಿಂದ ಇಂಥದೇ ಸೇವೆಯನ್ನು ಪಡೆಯಲು ಹೊರಟವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದೆಂದು ನಂಬಿದ್ದೇನೆ. ಮೇಲಿನ ಮಹಡಿಯ ಮನೆಗಳ ಸೆಕೆ ತಗ್ಗಬೇಕು, ಸುರಿದ ಮಳೆ ಒಮ್ಮೆಲೇ ಚರಂಡಿಗೆ ನುಗ್ಗಬಾರದು, ಜೇನ್ನೊಣ, ಚಿಟ್ಟೆ, ಹಕ್ಕಿಗಳಿಗೆ ಒಂದಷ್ಟು ನೆಲೆ ಸಿಗಬೇಕು ಎಂಬ ಮೂರು ಉದ್ದೇಶಗಳನ್ನು ನಾವು ಮೊದಲ ಸಭೆಯಲ್ಲೇ ಅವರ ಮುಂದಿಟ್ಟಿದ್ದೆವು, ಮೂರನ್ನೂ ಪೂರೈಸುವುದಾಗಿ ಅವರೂ ಒಪ್ಪಿದ್ದರು. ಮಳೆಯ ವಿಷಯದಲ್ಲಿ ಮಾತು ಉಳಿಸಿಕೊಂಡರು. ಸೆಕೆಯ ವಿಷಯದಲ್ಲಿ ಅರ್ಧ ಉಳಿಸಿಕೊಂಡರು. ಜೀವವೈವಿಧ್ಯದ ವಿಷಯದಲ್ಲಿ, ಎರಡನೆಯ ವರ್ಷ ನಾವೇ ಪಟ್ಟು ಹಿಡಿದು ವಿನ್ಯಾಸವನ್ನು ಬದಲಿಸುವವರೆಗೆ, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಅಳವಡಿಕೆಯ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ. ಕಟ್ಟಡ ಎಷ್ಟು ಭಾರ ತಾಳಬಲ್ಲದು ಎಂಬುದನ್ನು ಇಂಜಿನಿಯರ್ ಒಬ್ಬರು ಲೆಕ್ಕ ಹಾಕಿ ಬರಹದಲ್ಲಿ ಕೊಡುವವರೆಗೆ ಅವರು ಒಂದು ಚೀಲ ಮಣ್ಣನ್ನೂ ಮೇಲಕ್ಕೆ ಸಾಗಿಸಲಿಲ್ಲ. ತೆಳುವಾದ ಹಸಿರು ಹೊದಿಕೆಯೂ ಪೂರ್ತಿ ನೆನೆದಾಗ ಚದರ ಮೀಟರಿಗೆ ಸುಮಾರು 60ರಿಂದ 150 ಕಿಲೋಗ್ರಾಂ ತೂಗುತ್ತದೆ. ಪೊದೆ, ಮರಗಳನ್ನು ಬೆಳೆಸುವ ಆಳದ ತೋಟವಾದರೆ ಇದರ ಹಲವು ಪಟ್ಟು. ಜಲನಿರೋಧಕ ಪದರ ಹಾಕಿದ ಮೇಲೆ ತಾರಸಿಯಲ್ಲಿ 48 ಗಂಟೆಗಳ ಕಾಲ ನೀರು ನಿಲ್ಲಿಸಿ, ಕೆಳಗಿನ ಮನೆಗಳ ಸೂರನ್ನು ಒಂದೊಂದಾಗಿ ನೋಡಿಕೊಂಡು ಬಂದರು. ಆಮೇಲೆ ಬೇರು ತಡೆಯುವ ಹಾಳೆ, ನೀರು ಬಸಿದುಹೋಗುವ ಪದರ, ಮಣ್ಣಿನ ಕಣಗಳನ್ನು ಹಿಡಿದಿಡುವ ಸೋಸುಬಟ್ಟೆ, ಅದರ ಮೇಲೆ ಹಗುರವಾದ ಮಣ್ಣಿನ ಮಿಶ್ರಣ, ಕೊನೆಯಲ್ಲಿ ದಪ್ಪ ಎಲೆಗಳಲ್ಲಿ ನೀರು ಕೂಡಿಡುವ ಸೀಡಮ್ ಎಂಬ ಗಿಡ್ಡ ಗಿಡಗಳನ್ನು ಮೊದಲೇ ಬೆಳೆಸಿ ಸುರುಳಿ ಸುತ್ತಿ ತಂದ ಚಾಪೆ. ಸೋರಿಕೆಯ ದೂರು ಇಂದಿನವರೆಗೆ ಒಂದೂ ಬಂದಿಲ್ಲ.

ಮಳೆಯ ಲೆಕ್ಕ ಸರಳವಾದದ್ದು. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಮಣ್ಣು ಒಣಗಿದ್ದಾಗ ಬಂದ ಸಾಧಾರಣ ಮಳೆಯನ್ನು ನಮ್ಮ ತಾರಸಿ ಬಹುಮಟ್ಟಿಗೆ ತಾನೇ ಕುಡಿದುಬಿಡುತ್ತದೆ. ಹಿಂದೆ ಹನಿ ಬಿದ್ದ ಕೆಲವೇ ನಿಮಿಷಗಳಲ್ಲಿ ಭೋರ್ಗರೆಯುತ್ತಿದ್ದ ಕೊಳವೆಗಳಲ್ಲಿ ಈಗ ನೀರು ತಡವಾಗಿ, ಸಣ್ಣ ಧಾರೆಯಾಗಿ ಇಳಿಯುತ್ತದೆ. ಆದರೆ ಬಿಡುವಿಲ್ಲದೆ ಮಳೆ ಹಿಡಿದಾಗ, ನೆನೆದ ಮಣ್ಣಿಗೆ ಇನ್ನಷ್ಟು ನೀರನ್ನು ಹೀರುವ ಶಕ್ತಿ ಉಳಿದಿರುವುದಿಲ್ಲ. ಪ್ರವಾಹವನ್ನು ತಾರಸಿಗಳೇ ತಡೆಯುತ್ತವೆ ಎಂದು ಯಾರಾದರೂ ಮಾರಾಟದ ಭರದಲ್ಲಿ ಹೇಳಿದರೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರವನ್ನು ನೆನಪಿಸಿಕೊಳ್ಳಬೇಕು. ಅಲ್ಲಿ 2011ರ ಜುಲೈ 2ರಂದು ಸುಮಾರು ಎರಡು ಗಂಟೆಗಳಲ್ಲಿ 150 ಮಿಲಿಮೀಟರಿನಷ್ಟು ಮಳೆ ಸುರಿಯಿತು. ಮರುವರ್ಷ ಆ ನಗರ ಸಿದ್ಧಪಡಿಸಿದ ಯೋಜನೆ ಉದ್ಯಾನಗಳನ್ನೂ ರಸ್ತೆಗಳನ್ನೂ ನೀರು ತಂಗುವ, ಹರಿಯುವ ಜಾಗಗಳನ್ನಾಗಿ ಮಾಡಲು ಹೊರಟಿತು. ತಾರಸಿ ಆ ಸರಪಳಿಯ ಮೊದಲ ಕೊಂಡಿ, ಅಷ್ಟೇ.

ಸೆಕೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಕೊಳ್ಳುವಾಗ ನಮಗೆ ಗೊತ್ತಿಲ್ಲದಿದ್ದ ಮುಖ್ಯವಾದ ಸಂಗತಿ ಇರುವುದು ಇಲ್ಲಿಯೇ. ಹಸಿರು ತಾರಸಿಯ ಮೇಲ್ಮೈ ಸಾಮಾನ್ಯ ತಾರಸಿಗಿಂತ 17ರಿಂದ 22 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಇದರ ಹಿಂದೆ ಮಣ್ಣಿನ ಹೊದಿಕೆ ಮತ್ತು ಎಲೆಗಳ ನೆರಳಿನ ಜೊತೆಗೆ ಇನ್ನೊಂದು ಕಾರಣವಿದೆ: ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುತ್ತಲಿನಿಂದ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಸೆಳೆದುಕೊಳ್ಳುತ್ತದೆ. ಹಾಗಾಗಿ ತಂಪು ಕೊಡುವುದು ಎಲೆಯ ಬಣ್ಣವಲ್ಲ, ಗಿಡ ಹೊರಬಿಡುವ ನೀರು. ಸೀಡಮ್ ಬರವನ್ನು ಗೆಲ್ಲುವ ಬಗೆ ಇದಕ್ಕೆ ನೇರ ವಿರುದ್ಧವಾಗಿದೆ. ನೀರಿನ ಕೊರತೆಯಾದಾಗ ಅದು ಹಗಲಿನಲ್ಲಿ ಪತ್ರರಂಧ್ರಗಳನ್ನು, ಅಂದರೆ ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳನ್ನು, ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ತನ್ನ ನೀರನ್ನು ಬಿಟ್ಟುಕೊಡದೆ ಬದುಕುತ್ತದೆ. ಗಿಡ ಸಾಯುವುದಿಲ್ಲ ಎಂಬ ಗುಣಕ್ಕಾಗಿ ನಾವು ಅದನ್ನು ಒಪ್ಪಿದ್ದೆವು, ಆದರೆ ಬಿಸಿಲು ಅತ್ಯಂತ ಕಠಿಣವಾಗಿದ್ದ ವಾರಗಳಲ್ಲಿ, ನಮಗೆ ತಂಪು ಹೆಚ್ಚು ಬೇಕಾಗಿದ್ದಾಗಲೇ, ಅದೇ ಗುಣದಿಂದಾಗಿ ಅದು ಕಡಿಮೆ ತಂಪು ಕೊಟ್ಟಿತು. ಮೇಲಿನ ಮಹಡಿಯವರಿಗೆ ಹಿಂದಿಗಿಂತ ಹಿತವಾಗಿದೆ ಎಂಬುದು ನಿಜ, ಆದರೆ ಅದರ ಬಹುಪಾಲು ಶ್ರೇಯಸ್ಸು ಬಿಸಿಲನ್ನು ತಡೆದು ನಿಂತ ಮಣ್ಣಿನದು. ರಸ್ತೆಯಲ್ಲಿ ನಡೆಯುವವರಿಗೆ ಎತ್ತರದ ಕಟ್ಟಡದ ತಾರಸಿಯಿಂದ ಹೇಳಿಕೊಳ್ಳುವಷ್ಟು ತಂಪು ಸಿಗದು. ಅವರಿಗೆ ಬೇಕಾದದ್ದು ರಸ್ತೆ ಬದಿಯ ಮರ.

ಮೊದಲ ವರ್ಷ ನಾನು ವಾರಕ್ಕೊಮ್ಮೆ ತಾರಸಿಗೆ ಹೋಗಿ ನೋಡುತ್ತಿದ್ದೆ. ಸೀಡಮ್ ಹೂ ಬಿಟ್ಟ ಕೆಲವು ವಾರ ಸಂಭ್ರಮವೇ ಇತ್ತು. ಹೂ ಮುಗಿದ ಮೇಲೆ ಎಲ್ಲ ಕಡೆ ಒಂದೇ ಎತ್ತರ, ಒಂದೇ ಬಣ್ಣ, ಮತ್ತೆ ನಿಶ್ಶಬ್ದ. ಇದನ್ನು ಸಂಸ್ಥೆಯವರ ಗಮನಕ್ಕೆ ತಂದಾಗ, ಜೇನುಪೆಟ್ಟಿಗೆಯೊಂದನ್ನು ತಂದಿಡುವುದಾಗಿ ಹೇಳಿದರು. ನಾವು ಒಪ್ಪಲಿಲ್ಲ. ಸಾಕಿದ ಜೇನು ಹೆಚ್ಚಾದ ಕಡೆ, ಇರುವ ಸ್ವಲ್ಪ ಹೂಗಳಿಗಾಗಿ ಕಾಡುಜೇನುಗಳು ಅದರೊಂದಿಗೆ ಪೈಪೋಟಿ ನಡೆಸಬೇಕಾಗುತ್ತದೆ. ಜಗತ್ತಿನಲ್ಲಿರುವ 20,000ಕ್ಕೂ ಹೆಚ್ಚು ಜೇನ್ನೊಣ ಪ್ರಭೇದಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವಂಥವು, ಅವುಗಳಲ್ಲಿ ಹೆಚ್ಚಿನವು ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವಂಥವು. ಅವಕ್ಕೆ ಬೇಕಾದದ್ದು ಪೆಟ್ಟಿಗೆಯಲ್ಲ, ಮುಚ್ಚದೆ ಬಿಟ್ಟ ಒಂದಿಷ್ಟು ಒಣನೆಲ. ನಮ್ಮ ಚಾಪೆ ಅಂಗೈಯಗಲ ಮಣ್ಣನ್ನೂ ಬಿಡದೆ ಮುಚ್ಚಿತ್ತು.

ಪರಿಹಾರಕ್ಕೆ ದಾರಿ ತೋರಿಸಿದ್ದು ಸ್ವಿಟ್ಜರ್ಲೆಂಡಿನ ಎರಡು ನಿದರ್ಶನಗಳು. ಜ್ಯೂರಿಕ್‌ನ ವೊಲ್ಲಿಸ್‌ಹೋಫೆನ್‌ನಲ್ಲಿರುವ ಕೆರೆನೀರು ಶುದ್ಧೀಕರಣ ಘಟಕದ ತಾರಸಿಗೆ, ಒಳಗಿನ ನೀರು ತಣ್ಣಗಿರಲೆಂದು, 1914ರಲ್ಲಿ ಸುತ್ತಮುತ್ತಲಿನ ಹೊಲಗಳ ಮಣ್ಣನ್ನೇ ಹರಡಿದ್ದರು. ಆ ಮಣ್ಣಿನಲ್ಲಿದ್ದ ಬೀಜಗಳಿಂದ ಎದ್ದ ಹುಲ್ಲುಗಾವಲಿನಲ್ಲಿ ಈಗ ಸುಮಾರು 175 ಸಸ್ಯ ಪ್ರಭೇದಗಳಿವೆ. ಸುತ್ತಲಿನ ಬಯಲಿನಿಂದ ಬಹುಮಟ್ಟಿಗೆ ಕಣ್ಮರೆಯಾದ ಆರ್ಕಿಡ್‌ಗಳು ಅಲ್ಲಿ ಉಳಿದಿವೆ. ಬಾಸೆಲ್ ನಗರವಂತೂ 2002ರಿಂದ ಹೊಸ ಸಮತಟ್ಟು ತಾರಸಿಗಳಿಗೆ ಹಸಿರು ಹೊದಿಕೆಯನ್ನು ಕಡ್ಡಾಯ ಮಾಡಿ, ಸ್ಥಳೀಯ ಮಣ್ಣನ್ನು ಬಳಸಬೇಕು, ಆಳ ಎಲ್ಲೆಡೆ ಒಂದೇ ಆಗಿರದೆ ಅಲ್ಲಲ್ಲಿ ದಿಬ್ಬಗಳಿರಬೇಕು ಎಂದು ಕೇಳುತ್ತದೆ. ಇವುಗಳನ್ನು ಮುಂದಿಟ್ಟು ನಾವು ಇಂಜಿನಿಯರ್ ಅವರನ್ನು ಮತ್ತೆ ಕರೆಸಿದೆವು. ಕಂಬಗಳ ನೇರಕ್ಕೆ ಹೆಚ್ಚು ಭಾರ ಹೇರಬಹುದೆಂದು ಅವರು ಗುರುತು ಹಾಕಿಕೊಟ್ಟ ಜಾಗಗಳಲ್ಲಿ ಚಾಪೆಯನ್ನು ಕತ್ತರಿಸಿ ತೆಗೆದು, ಮೊಣಕಾಲಿಗಿಂತ ತಗ್ಗಾದ ದಿಬ್ಬಗಳನ್ನು ಮಾಡಿ, ಊರ ಸುತ್ತಲಿನ ಹುಲ್ಲು ಮತ್ತು ಹೂಗಿಡಗಳ ಬೀಜ ಚೆಲ್ಲಿದೆವು. ಒಂದು ಮೂಲೆಯಲ್ಲಿ ಬರಿಯ ಮರಳು, ಇನ್ನೊಂದರಲ್ಲಿ ಕಲ್ಲುಗಳು, ಒಣಗಿದ ಮರದ ತುಂಡುಗಳು. ಸಂಸ್ಥೆಯ ಕೆಲಸಗಾರರು ಇದನ್ನು ಬಹಳ ಆಸಕ್ತಿಯಿಂದ ಮಾಡಿಕೊಟ್ಟರೆಂದು ಕೃತಜ್ಞತೆಯಿಂದ ಹೇಳಬೇಕು. ಆಮೇಲೆ ಮರಳಿನಲ್ಲಿ ಪೆನ್ಸಿಲ್ ಮೊನೆಯಷ್ಟು ಸಣ್ಣ ರಂಧ್ರಗಳು ಕಂಡವು, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡ ಪುಟ್ಟ ಜೇನ್ನೊಣವೊಂದು ನನ್ನ ಕಣ್ಣೆದುರೇ ಒಂದರೊಳಗೆ ಇಳಿಯಿತು. ಹಕ್ಕಿಗಳು ಈಗ ಕಾಳು ಹೆಕ್ಕಲು ದಿನವೂ ಬರುತ್ತವೆ.

ನಿರ್ವಹಣೆ ಈ ಸೇವೆಯ ದುರ್ಬಲ ಭಾಗ. ನೀರು ಹೊರಹೋಗುವ ಕಿಂಡಿಗಳಿಗೆ ತೆರೆದು ನೋಡಬಹುದಾದ ಪೆಟ್ಟಿಗೆಯನ್ನು ಕೂರಿಸದೆ ಬಿಟ್ಟಿದ್ದರಿಂದ, ಮೊದಲ ಮಳೆಗಾಲದಲ್ಲಿ ಎಲೆಕಸ ಕಟ್ಟಿ ಒಂದು ಬದಿಯಲ್ಲಿ ನೀರು ಎರಡು ದಿನ ನಿಂತಿತು. ದೂರು ಕೊಟ್ಟ ಮೇಲೆ ಪೆಟ್ಟಿಗೆ ಬಂತು, ಆರಂಭದಲ್ಲೇ ಇರಬೇಕಿತ್ತು. ಮಣ್ಣಿಗೆ ಗೊಬ್ಬರ ಹೆಚ್ಚು ಬೆರೆಸಿದ್ದರಿಂದ ಮೊದಲ ಕೆಲವು ತಿಂಗಳು ಹೊರಬಂದ ನೀರು ಚಹಾದ ಬಣ್ಣಕ್ಕಿತ್ತು. ಹೀಗೆ ತೊಳೆದುಹೋದ ಸಾರಜನಕ, ರಂಜಕಗಳು ಕೆರೆಗಳನ್ನು ಸೇರಿದರೆ ಪಾಚಿ ಬೆಳೆಯುತ್ತದೆ. ಒಂದೆಡೆ ಜೀವಿಗಳಿಗೆ ನೆಲೆ ಕಟ್ಟುತ್ತಾ ಇನ್ನೊಂದೆಡೆ ನೀರನ್ನು ಕೆಡಿಸುವುದು ನಮಗೆ ಒಪ್ಪಿಗೆಯಾಗದ ಸಂಗತಿ.

ನೀರು ಸೋರದ ಕಟ್ಟುವಿಕೆಗೆ ಐದರಲ್ಲಿ ಐದು, ಮಳೆಗೆ ನಾಲ್ಕು, ತಂಪಿಗೆ ಮೂರು, ಮೂಲ ವಿನ್ಯಾಸದ ಜೀವವೈವಿಧ್ಯಕ್ಕೆ ಒಂದು ಅಂಕ ಕೊಡುತ್ತೇನೆ. ಬದಲಾದ ವಿನ್ಯಾಸಕ್ಕಾದರೆ ನಾಲ್ಕು. ಹಳೆಯ ಕಟ್ಟಡ ಭಾರ ತಾಳದೆಂದು ಇಂಜಿನಿಯರ್ ಹೇಳಿದರೆ ಒತ್ತಾಯ ಮಾಡದೆ ಅದೇ ಹಣವನ್ನು ಅಂಗಳದ ಮರಗಳಿಗೆ ಬಳಸುವುದು ಒಳ್ಳೆಯದು. ಮೂರನೆಯ ವರ್ಷಕ್ಕೆ ಅದೇ ಸಂಸ್ಥೆಯೊಂದಿಗೆ ಕರಾರನ್ನು ಮುಂದುವರಿಸಿದ್ದೇವೆ. ಪ್ರತಿ ಮಳೆಗಾಲಕ್ಕೆ ಮೊದಲು ಕಿಂಡಿಗಳನ್ನು ತೆರೆದು ತೋರಿಸಬೇಕು, ಗೊಬ್ಬರ ಹಾಕುವ ಮುನ್ನ ನಮ್ಮನ್ನು ಕೇಳಬೇಕು, ಮರಳಿನ ಮೂಲೆಯಲ್ಲಿ ಯಾವ ಗಿಡವನ್ನೂ ನೆಡಬಾರದು ಎಂಬ ಮೂರು ಷರತ್ತುಗಳನ್ನು ಈ ಬಾರಿ ಬರಹದಲ್ಲಿ ಸೇರಿಸಿದ್ದೇವೆ.