ಅಂಗೈಯಗಲದ ಪಿಎಂ 2.5 ಮಾಪಕ: ಎರಡು ತಿಂಗಳು ಬಳಸಿದ ಮೇಲೆ

ಪಿಎಂ 2.5 ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು. ಅವನ್ನು ಅಳೆಯುವ ಈ ಮಾಪಕವನ್ನು ಒಂಬತ್ತು ಸಾವಿರ ಕೊಟ್ಟು ತರಿಸಿದ್ದು ಮಗಳ ಉಬ್ಬಸಕ್ಕಾಗಿ. ಅವಳಿಗೆ ಒಂಬತ್ತು ವರ್ಷ. ನಮ್ಮ ಮನೆ ಬೆಂಗಳೂರಿನ ಜಯನಗರದಲ್ಲಿ. ಐದನೇ ಬ್ಲಾಕಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ. ಅದರ ಅಂಕಿಯನ್ನು ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ನೋಡುತ್ತಿದ್ದೆ. ಅಂಕಿ ಚೆನ್ನಾಗಿದ್ದ ದಿನವೂ ರಾತ್ರಿ ಎರಡಕ್ಕೆ ಕೆಮ್ಮು ಶುರು. ಕೇಂದ್ರ ಇದ್ದಲ್ಲೇ ಇರುತ್ತದೆ, ಮಗು ಮನೆ, ಆಟೋ, ಶಾಲೆ, ಟ್ಯೂಷನ್ ಅಂತ ಓಡಾಡುತ್ತದೆ. ಅವಳ ಮೂಗಿಗೆ ಹೋಗುವುದೆಷ್ಟು ಅನ್ನೋದು ನನಗೆ ಬೇಕಿತ್ತು.

ಮಾಪಕ ಸ್ನಾನದ ಸೋಪಿನಷ್ಟು ದೊಡ್ಡದು. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದರ ಮೇಲೆ ಲೆಕ್ಕ ಹಾಕುತ್ತದೆ. ನಿಮಿಷಕ್ಕೊಂದು ಅಂಕಿ ಫೋನಿನಲ್ಲಿ ದಾಖಲಾಗುತ್ತದೆ. ಟೀಚರಿಗೆ ಮೊದಲೇ ಹೇಳಿ, ಸ್ಕೂಲ್ ಬ್ಯಾಗಿನ ಹೊರಗೆ ನೇತುಹಾಕಿ ಕಳಿಸಿದೆ.

ಆಟೋದಲ್ಲಿ ಸಿಗ್ನಲ್ ಬಳಿ ಒಂದು ಘನ ಮೀಟರ್ ಗಾಳಿಗೆ 110 ಮೈಕ್ರೋಗ್ರಾಂ, ತರಗತಿಯಲ್ಲಿ 30ರ ಆಸುಪಾಸು. ಇದನ್ನು ಊಹಿಸಿದ್ದೆ. ಒಗ್ಗರಣೆ ಹಾಕಿದಾಗ ಅಡುಗೆಮನೆಯಲ್ಲಿ 150 ದಾಟಿತು. ಕಿಟಕಿ ತೆರೆದರೆ ಕಾಲು ಗಂಟೆಯಲ್ಲಿ ಇಳಿಯುತ್ತಿತ್ತು. ಊಹಿಸದೇ ಇದ್ದದ್ದು ಮಲಗುವ ಕೋಣೆ. ಸೊಳ್ಳೆ ಬತ್ತಿ ಹಚ್ಚಿ ಬಾಗಿಲು ಹಾಕಿ ಮಲಗುವ ಮನೆ ನಮ್ಮದು. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯಿಡೀ ಸರಾಸರಿ 180 ಮೈಕ್ರೋಗ್ರಾಂ. ನಾನೇ ಹಚ್ಚಿದ ಬತ್ತಿ. ಆ ಗ್ರಾಫ್ ನೋಡಿ ಸ್ವಲ್ಪ ಹೊತ್ತು ಮಂಚದ ಮೇಲೇ ಕೂತಿದ್ದೆ.

ಕಾಗದ ತಗೊಂಡು ಲೆಕ್ಕ ಹಾಕಿದೆ. ರಾತ್ರಿ ಎಂಟು ಗಂಟೆ 180ರಂತೆ 1440. ಉಳಿದ ಹದಿನಾರು ಗಂಟೆ ಸರಾಸರಿ 35ರಂತೆ 560. ಕೂಡಿಸಿ 24ರಿಂದ ಭಾಗಿಸಿದರೆ ಅವಳ ದಿನದ ಸರಾಸರಿ 83. ನಮ್ಮ ದೇಶದ 24 ಗಂಟೆಯ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿದೆವು. ರಾತ್ರಿಯ ಅಂಕಿ 28ಕ್ಕೆ ಬಂತು, ದಿನದ ಸರಾಸರಿ 33. ಬತ್ತಿ ಹಚ್ಚಿದ ದಿನವೂ ಬಿಟ್ಟ ದಿನವೂ ಕೇಂದ್ರದ ಅಂಕಿ ಹೆಚ್ಚುಕಮ್ಮಿ ಒಂದೇ ಇತ್ತು. ಕೆಮ್ಮು ಪೂರ್ತಿ ನಿಂತಿಲ್ಲ, ಔಷಧಿ ಡಾಕ್ಟರು ಹೇಳಿದಂತೆ ನಡೆದಿದೆ. ಆದರೆ ನಡುರಾತ್ರಿ ಏಳುವುದು ಕಡಿಮೆಯಾಗಿದೆ.

ಇನ್ನು ಕೊರತೆಗಳು. ಬ್ಯಾಟರಿ ಹತ್ತು ಗಂಟೆ ಬರುತ್ತದೆ ಅಂದಿದ್ದರು, ಆರಕ್ಕೇ ಮುಗಿಯುತ್ತದೆ. ರಾತ್ರಿ ಚಾರ್ಜಿಗೆ ಹಾಕಿಯೇ ಇಡಬೇಕು. ಮಳೆ ಹಿಡಿದ ದಿನ, ಮಂಜು ಮುಸುಕಿದ ಬೆಳಿಗ್ಗೆ ಅಂಕಿ ಸುಮ್ಮನೆ ಏರುತ್ತದೆ, ಏಕೆಂದರೆ ತೇವ ಹೀರಿ ಉಬ್ಬಿದ ಕಣ ಲೇಸರಿಗೆ ದೊಡ್ಡದಾಗಿ ಕಾಣುತ್ತದೆ. ರಸ್ತೆಯ ದಪ್ಪ ಧೂಳನ್ನು ಇದು ಸರಿಯಾಗಿ ಹಿಡಿಯುವುದಿಲ್ಲ, ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಹಾಗಾಗಿ ಇದನ್ನು ಕೇಂದ್ರದ ಯಂತ್ರದ ಜೊತೆ ಅಂಕಿಗೆ ಅಂಕಿ ಇಟ್ಟು ನೋಡಬೇಡಿ. ಈ ಕೋಣೆಗೂ ಆ ಕೋಣೆಗೂ, ಬತ್ತಿ ಇದ್ದ ರಾತ್ರಿಗೂ ಇಲ್ಲದ ರಾತ್ರಿಗೂ ಇರುವ ವ್ಯತ್ಯಾಸ ತಿಳಿಯಲು ಇದು ಧಾರಾಳ ಸಾಕು.

ಕೊಂಡವರು ಮೊದಲು ಮಾಡಬೇಕಾದ್ದು ಸೆಟ್ಟಿಂಗ್ ಬದಲಾಯಿಸುವುದು. ನನಗೆ ಬಂದದ್ದರಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟ ಹೇಳುವ ಸೂಚ್ಯಂಕ, ಅಮೆರಿಕದ ಲೆಕ್ಕದಲ್ಲಿತ್ತು. 60 ಮೈಕ್ರೋಗ್ರಾಂ ನಮ್ಮ ಲೆಕ್ಕದಲ್ಲಿ ಎಕ್ಯೂಐ 100, ಅವರ ಲೆಕ್ಕದಲ್ಲಿ 150 ದಾಟುತ್ತದೆ. ಮೊದಲ ವಾರ ಇದು ತಿಳಿಯದೆ ಬಹಳ ಹೆದರಿದ್ದೆ. ಈಗ ಮೈಕ್ರೋಗ್ರಾಂ ಮಾತ್ರ ನೋಡುತ್ತೇನೆ.

ಮನೆಗೊಂದು ಬೇಕಾಗಿಲ್ಲ, ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ಸಾಕು. ನಮ್ಮದನ್ನು ಈ ವಾರ ಎದುರು ಮನೆಯವರು ಒಯ್ದಿದ್ದಾರೆ. ಅಲ್ಲಿ ಅಜ್ಜಿಗೆ ದಮ್ಮು. ದೇವರ ಮನೆಯಲ್ಲಿ ಎರಡು ಹೊತ್ತೂ ಊದುಬತ್ತಿ, ಧೂಪ ಹಾಕುತ್ತಾರೆ.