ಸದ್ದಿಲ್ಲದ ಡೆಸ್ಕ್‌ಟಾಪ್‌ಗೆ ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್: ಬಳಸಿ ನೋಡಿದ ಹೋಲಿಕೆ

ಮನೆಯಲ್ಲಿ ಕುಳಿತು ಸಾಫ್ಟ್‌ವೇರ್ ಬರೆಯುವವರ ಕಂಪ್ಯೂಟರು ದಿನದ ಹೆಚ್ಚಿನ ಹೊತ್ತು ಬಹುಮಟ್ಟಿಗೆ ಸುಮ್ಮನಿರುತ್ತದೆ. ನಾವು ಓದುತ್ತಿರುತ್ತೇವೆ, ಯೋಚಿಸುತ್ತಿರುತ್ತೇವೆ, ನಾಲ್ಕು ಸಾಲು ಟೈಪ್ ಮಾಡುತ್ತಿರುತ್ತೇವೆ. ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ ಕೆಲಸ) ಕೊಟ್ಟ ಕ್ಷಣದಲ್ಲಿ ಮಾತ್ರ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಎಲ್ಲ ಕೋರ್‌ಗಳಿಗೂ ಒಮ್ಮೆಗೇ ಕೆಲಸ ಬೀಳುತ್ತದೆ ಮತ್ತು ಫ್ಯಾನಿನ ಸದ್ದು ಏಳುವುದೂ ಆಗಲೇ. ಈ ಬಗೆಯ ಬಳಕೆಗೆ ಯಾವುದು ಹೊಂದುತ್ತದೆ ಎಂದು ತಿಳಿಯಲು ಎಎಂಡಿ ಕಂಪನಿಯ ರೈಜನ್ 7 7700, ರೈಜನ್ 9 7900 ಮತ್ತು ಇಂಟೆಲ್ ಕೋರ್ ಐ7-13700 ಈ ಮೂರನ್ನೂ ಒಂದೇ ಕ್ಯಾಬಿನೆಟ್‌ನಲ್ಲಿ, ಒಂದೇ ಟವರ್ ಕೂಲರಿನ (ಫ್ಯಾನು ಕೂರಿಸಿದ ಎತ್ತರದ ಲೋಹದ ಕೂಲರು) ಅಡಿಯಲ್ಲಿ ಬಳಸಿ ನೋಡಿದೆ. ಮೂರರಲ್ಲೂ ಗ್ರಾಫಿಕ್ಸ್ ಒಳಗೇ ಇರುವುದರಿಂದ ಬೇರೆ ಕಾರ್ಡು ಬೇಕಾಗಲಿಲ್ಲ; ಸದ್ದು ಕಡಿಮೆ ಮಾಡುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಮೂರರ ವಿವರಪಟ್ಟಿಯಲ್ಲೂ 65 ವ್ಯಾಟ್ ಎಂದೇ ಬರೆದಿರುತ್ತದೆ, ಆದರೆ ಆ ಅಂಕಿ ಮೂರಕ್ಕೂ ಒಂದೇ ಅರ್ಥ ಕೊಡುವುದಿಲ್ಲ. ಎಎಂಡಿಯ ಈ ಎರಡು ಚಿಪ್‌ಗಳು ಎಷ್ಟೇ ಹೊರೆ ಬಿದ್ದರೂ ಮೂಲ ಸೆಟ್ಟಿಂಗ್‌ನಲ್ಲಿ 88 ವ್ಯಾಟ್‌ಗಿಂತ ಮೇಲೆ ಹೋಗುವುದಿಲ್ಲ. ಐ7-13700ಕ್ಕೆ 65 ಎನ್ನುವುದು ಮೂಲ ಮಿತಿ ಮಾತ್ರ. ಟರ್ಬೊ ಹಂತದಲ್ಲಿ, ಅಂದರೆ ಸ್ವಲ್ಪ ಹೊತ್ತು ಅತಿ ವೇಗವಾಗಿ ಓಡುವಾಗ, 219 ವ್ಯಾಟ್‌ವರೆಗೆ ಎಳೆಯಲು ಇಂಟೆಲ್ಲೇ ಅನುಮತಿ ಕೊಟ್ಟಿದೆ, ಮತ್ತು ಹಲವು ಮದರ್‌ಬೋರ್ಡ್‌ಗಳು ಅಲ್ಪಾವಧಿಯದಾಗಿರಬೇಕಾದ ಈ ಮಿತಿಯನ್ನು ಯಾರನ್ನೂ ಕೇಳದೆ ಸದಾಕಾಲಕ್ಕೂ ತೆರೆದಿಡುತ್ತವೆ. ಹಾಗೆ ಬಿಟ್ಟರೆ ಇಂಟೆಲ್ ಚಿಪ್ ಬಿಲ್ಡ್‌ನಲ್ಲಿ ಮೂರರಲ್ಲೇ ಮುಂದಿರುತ್ತದೆ, ಆದರೆ ಆ ಶಾಖವನ್ನು ಸದ್ದಿಲ್ಲದೆ ಹೊರಹಾಕುವುದು ಸಾಮಾನ್ಯ ಟವರ್ ಕೂಲರಿನಿಂದ ಆಗುವ ಕೆಲಸವಲ್ಲ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) 65 ವ್ಯಾಟ್‌ಗೆ ಕಟ್ಟಿಹಾಕಿದರೆ ಸದ್ದೇನೋ ಅಡಗುತ್ತದೆ, ಆದರೆ 16 ಕೋರ್‌ಗಳಿದ್ದೂ ಅದರ ವೇಗ 8 ಕೋರ್‌ಗಳ 7700ರ ಆಸುಪಾಸಿಗೆ ಇಳಿಯುತ್ತದೆ.

ಎಎಂಡಿಯ ಎರಡರ ನಡುವಿನ ವ್ಯತ್ಯಾಸ ನನಗೆ ಹೆಚ್ಚು ಕುತೂಹಲಕರವಾಗಿ ಕಂಡಿತು. ವಿದ್ಯುತ್ ಮಿತಿ ಎರಡಕ್ಕೂ ಒಂದೇ ಆದರೂ 7700ರಲ್ಲಿ ಎಂಟೂ ಕೋರ್‌ಗಳು ಒಂದೇ ಸಣ್ಣ ಸಿಲಿಕಾನ್ ತುಣುಕಿನ ಮೇಲಿದ್ದರೆ, 7900ರಲ್ಲಿ 12 ಕೋರ್‌ಗಳು ಆರಾರರಂತೆ ಎರಡು ತುಣುಕುಗಳಲ್ಲಿ ಹಂಚಿಹೋಗಿವೆ. ಅಷ್ಟೇ ಶಾಖ ಹೆಚ್ಚು ಜಾಗದಲ್ಲಿ ಹರಡುವುದರಿಂದ ದೀರ್ಘ ಬಿಲ್ಡ್‌ನಲ್ಲಿ 7900 ಹೆಚ್ಚು ತಣ್ಣಗಿರುತ್ತದೆ. ಕೋರ್‌ಗಳು ಕಡಿಮೆ ವೇಗದಲ್ಲಿ, ಆದರೆ ಹೆಚ್ಚಿನ ಸಂಖ್ಯೆಯಲ್ಲಿ ದುಡಿಯುವುದರಿಂದ ಕೆಲಸವೂ ಬೇಗ ಮುಗಿಯುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಈ ಅಂತರಕ್ಕೆ ಬೆಲೆಯಿದೆ, ಏಕೆಂದರೆ ಕೂಲರು ಎಷ್ಟೇ ಒಳ್ಳೆಯದಾಗಿದ್ದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗಿಡಲಾರದು. (ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿದ್ದರೆ ಈ ಚರ್ಚೆಯ ಅರ್ಧಭಾಗ ಕೇಳಿಸುವುದೇ ಇಲ್ಲ ಎಂಬುದೂ ನಿಜ.)

ಕಿವಿಗೆ ಚುಚ್ಚುವುದು ಸದ್ದಿಗಿಂತಲೂ ಸದ್ದಿನ ಏರಿಳಿತ. ರೈಜನ್ ಚಿಪ್‌ಗಳಲ್ಲಿ ಇದು ಎದ್ದು ಕಾಣುತ್ತದೆ: ಒಂದು ಫೈಲನ್ನು ಸೇವ್ ಮಾಡಿದೊಡನೆ ಎಡಿಟರ್ ಹಿನ್ನೆಲೆಯಲ್ಲಿ ಕೋಡನ್ನು ಪರಿಶೀಲಿಸತೊಡಗುತ್ತದೆ, ಸೆನ್ಸರ್ ತೋರಿಸುವ ಉಷ್ಣತೆ ಕ್ಷಣಮಾತ್ರದಲ್ಲಿ ಇಪ್ಪತ್ತು ಡಿಗ್ರಿ ಜಿಗಿಯುತ್ತದೆ, ಫ್ಯಾನು ಬುಸ್ಸೆಂದು ಎದ್ದು ಎರಡು ಸೆಕೆಂಡಿನಲ್ಲಿ ಮತ್ತೆ ತಣ್ಣಗಾಗುತ್ತದೆ. ಕೂಲರಿನ ಲೋಹ ಅಷ್ಟರಲ್ಲಿ ಬಿಸಿಯೇ ಆಗಿರುವುದಿಲ್ಲ, ಆದ್ದರಿಂದ ಆ ಗಾಳಿಯೂ ವ್ಯರ್ಥ. ಬಯೋಸ್‌ನಲ್ಲಿ ಫ್ಯಾನು ವೇಗ ಏರಿಸುವ ಮೊದಲು ಕೆಲವು ಸೆಕೆಂಡು ಕಾಯುವಂತೆ ಹೇಳಿ, 70 ಡಿಗ್ರಿಯವರೆಗೆ ಒಂದೇ ಮಂದ ವೇಗ ನಿಗದಿಮಾಡಿದ ಮೇಲೆ ಈ ಕಾಟ ತಪ್ಪಿತು. ದುಬಾರಿ ಕೂಲರಿಗೆ ಹಣ ಸುರಿಯುವ ಮೊದಲು ಮಾಡಿ ನೋಡಬೇಕಾದದ್ದು ಇದನ್ನು.

ಯಂತ್ರ ಸುಮ್ಮನಿರುವಾಗಿನ ವಿದ್ಯುತ್ ಬಳಕೆಯಲ್ಲಿ ಇಂಟೆಲ್ ಮೇಲುಗೈ ಸಾಧಿಸುತ್ತದೆ. ಅದು ಒಂದೇ ತುಣುಕಿನ ಚಿಪ್. ರೈಜನ್‌ನಲ್ಲಿ ಕೋರ್‌ಗಳನ್ನು ಹೊರಜಗತ್ತಿಗೆ ಜೋಡಿಸುವ ಪ್ರತ್ಯೇಕ ತುಣುಕೊಂದು ಸದಾ ಎಚ್ಚರವಾಗಿದ್ದು ಒಂದಿಷ್ಟು ವಿದ್ಯುತ್ ತಿನ್ನುತ್ತಲೇ ಇರುತ್ತದೆ. ಕಿವಿಗೆ ಇದು ತಿಳಿಯದು, ಯುಪಿಎಸ್ ಮೇಲೆ ದಿನ ದೂಡುವವರಿಗೆ ತಿಳಿದೀತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಚಿಪ್‌ಗಳಿಗೆ ವೋಲ್ಟೇಜ್ ಸಮಸ್ಯೆಯ ಕಾರಣ 2024ರಲ್ಲಿ ಹೊಸ ಮೈಕ್ರೊಕೋಡ್ (ಚಿಪ್‌ನ ಒಳಗಿನ ನಿಯಂತ್ರಣ ಸೂಚನೆಗಳು) ಬಂದಿರುವುದರಿಂದ, ಅದನ್ನು ಆರಿಸುವವರು ಮೊದಲು ಬಯೋಸ್ ಅಪ್‌ಡೇಟ್ ಮಾಡಿಕೊಳ್ಳುವುದು ಕಡ್ಡಾಯವೆಂದೇ ಭಾವಿಸಬೇಕು.

ರ‍್ಯಾಮ್‌ನ ವಿಷಯದಲ್ಲಿ ಜನ ಮೊದಲು ವೇಗ ಕೇಳುತ್ತಾರೆ, ಕೇಳಬೇಕಾದದ್ದು ಗಾತ್ರ. 24 ಥ್ರೆಡ್‌ಗಳ, ಅಂದರೆ ಒಮ್ಮೆಗೇ 24 ಕೆಲಸ ನಡೆಸಬಲ್ಲ, ಪ್ರೊಸೆಸರ್ ಮೇಲೆ 24 ಕಂಪೈಲ್ ಕೆಲಸಗಳನ್ನು ಒಟ್ಟಿಗೆ ಬಿಟ್ಟರೆ, ಟೆಂಪ್ಲೇಟ್ ತುಂಬಿದ ಸಿ++ ಕೋಡಿನಲ್ಲಿ ಒಂದೊಂದೂ ಒಂದು ಜಿಬಿಗಿಂತ ಹೆಚ್ಚು ಬೇಡುವುದು ಅಪರೂಪವಲ್ಲ. ಅದರ ಜೊತೆಗೆ ಬ್ರೌಸರು, ಡಾಕರ್, ಆಂಡ್ರಾಯ್ಡ್ ಎಮ್ಯುಲೇಟರ್ ಇದ್ದರೆ 32 ಜಿಬಿ ಸಾಲದು. ಕಂಪೈಲಾದ ತುಣುಕುಗಳನ್ನು ಒಂದಾಗಿ ಜೋಡಿಸುವ ಕೊನೆಯ ಲಿಂಕ್ ಹಂತದಲ್ಲಿ ಮೆಮೊರಿ ಮುಗಿದು, ಲಿನಕ್ಸ್ ಕರ್ನಲ್ ಲಿಂಕರನ್ನು ಕೊಂದುಹಾಕಿ, ಟರ್ಮಿನಲ್‌ನಲ್ಲಿ ‘ಕಿಲ್ಡ್’ ಎಂಬ ಒಂದೇ ಪದ ಉಳಿಯುತ್ತದೆ. ಆಂಡ್ರಾಯ್ಡ್ ವ್ಯವಸ್ಥೆಯನ್ನೇ ಮೂಲಕೋಡಿನಿಂದ ಕಟ್ಟುವವರಿಗೆ ಗೂಗಲ್ 64 ಜಿಬಿ ಹೇಳುತ್ತದೆ. ಉಳಿದವರಿಗೂ ಅದೇ ನೆಮ್ಮದಿಯ ಗಾತ್ರವೆಂದು ನನ್ನ ಅನುಭವ.

ಆ 64ನ್ನು 32ರ ಎರಡು ಕಡ್ಡಿಗಳಾಗಿ ಕೊಳ್ಳಬೇಕೇ ಹೊರತು 16ರ ನಾಲ್ಕಾಗಿ ಅಲ್ಲ. ಈ ರೈಜನ್‌ಗಳಲ್ಲಿ ಎರಡು ಡಿಡಿಆರ್5 (ಡಿಡಿಆರ್4ರ ನಂತರದ ಪೀಳಿಗೆಯ ರ‍್ಯಾಮ್) ಕಡ್ಡಿಗಳಿಗೆ ಅಧಿಕೃತ ವೇಗ ಸೆಕೆಂಡಿಗೆ 5200 ದಶಲಕ್ಷ ವರ್ಗಾವಣೆ. ನಾಲ್ಕೂ ಸ್ಲಾಟ್ ತುಂಬಿದರೆ 3600ಕ್ಕೆ ಇಳಿಯುತ್ತದೆ. 5200ರಿಂದ 6000ಕ್ಕೆ ಏರಿಸಿದಾಗ ಬಿಲ್ಡ್ ಸಮಯದಲ್ಲಿ ನನಗೆ ಗಮನಕ್ಕೆ ಬರುವಷ್ಟು ಲಾಭವೇನೂ ಕಾಣಲಿಲ್ಲ, ಆದ್ದರಿಂದ ಅಧಿಕೃತ ವೇಗದಲ್ಲೇ ಬಿಟ್ಟಿದ್ದೇನೆ. ಹೊಸ ಕಡ್ಡಿ ಹಾಕಿದ ಮೊದಲ ಬಾರಿ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ; ಬೋರ್ಡು ಮೆಮೊರಿಯನ್ನು ಹದಗೊಳಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಸ್ವಿಚ್ ಆರಿಸಬಾರದು.

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಲೆಕ್ಕ ಹಾಕುವ ರೀತಿಯೂ ಬದಲಾಗಬೇಕಿದೆ. ಹಣ ಸೀಮಿತವಾಗಿದ್ದರೆ 7900ಕ್ಕೆ 32 ಜಿಬಿ ಜೋಡಿಸುವುದಕ್ಕಿಂತ 7700ಕ್ಕೆ 64 ಜಿಬಿ ಜೋಡಿಸುವುದನ್ನೇ ನಾನು ಒಪ್ಪುತ್ತೇನೆ. ಎರಡಕ್ಕೂ ಹಣ ಸಾಲುವುದಾದರೆ 7900 ಮತ್ತು 64 ಜಿಬಿ. ನನ್ನ ಮೇಜಿನ ಮೇಲೆ ಉಳಿದದ್ದು ಅದೇ. ಹಳೆಯ ಡಿಡಿಆರ್4 ಕಡ್ಡಿಗಳು ಕೈಯಲ್ಲಿದ್ದವರಿಗೆ ಮಾತ್ರ ಐ7-13700ರ ಪರವಾಗಿ ಬಲವಾದ ವಾದವೊಂದಿದೆ, ಏಕೆಂದರೆ ಅದಕ್ಕೆ ಡಿಡಿಆರ್4 ಒಪ್ಪುವ ಬೋರ್ಡುಗಳಿವೆ, ಈ ರೈಜನ್‌ಗಳು ಕೂರುವ ಎಎಂ5 ಸಾಕೆಟ್‌ಗೆ ಇಲ್ಲ.