ಎರಡು ಆಲ್ಟೋ ಸ್ಯಾಕ್ಸೋಫೋನ್‌ಗಳು: ‘ಕಿನ್ಸ್‌ಮೆನ್’ ಆಲ್ಬಮ್ ಅನ್ನು ಹಲವು ವರ್ಷ ಕೇಳಿದ ಮೇಲೆ

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನ್, ಮಂಗಳೂರಿನ ಸುತ್ತಮುತ್ತ ಈಗ ಯಾರಿಗೂ ಪರದೇಶದ ವಾದ್ಯವೆನಿಸುವುದಿಲ್ಲ. ಮದುವೆಯ ಮಂಟಪದಲ್ಲಿ, ದೇವಸ್ಥಾನದ ಜಾತ್ರೆಯಲ್ಲಿ, ಊರಿನ ದೈವದ ನೇಮದಲ್ಲಿ ಅದು ಮಂಗಳವಾದ್ಯವಾಗಿಯೇ ಮೊಳಗುತ್ತದೆ. ಆದ್ದರಿಂದ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ‘ಕಿನ್ಸ್‌ಮೆನ್’ ಎಂಬ ವಾದ್ಯಸಂಗೀತದ ಆಲ್ಬಮ್ ನಮ್ಮ ಕಿವಿಗೆ ತಿರುವುಮುರುವಾಗಿ ಒದಗುತ್ತದೆ. ಜಾಝ್ ಕೇಳಿ ಬೆಳೆದವರು ಇದರಲ್ಲಿ ಜೊತೆಗೂಡಿ ನುಡಿಸಿರುವ ಕರ್ನಾಟಕ ಸಂಗೀತದ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರ ಶೈಲಿಯನ್ನು ಹೊಸದಾಗಿ ಅರಿಯಬೇಕಾದರೆ, ನಾವು ಕದ್ರಿಯವರ ನಾದದ ಕೈಹಿಡಿದು ಮಹಾಂತಪ್ಪನವರ ಜಾಝ್ ಕಡೆಗೆ ನಡೆಯಬೇಕಾಗುತ್ತದೆ. ಹಲವು ವರ್ಷಗಳಿಂದ ಇದನ್ನು ಕೇಳುತ್ತಿರುವ ನನ್ನ ಮಟ್ಟಿಗೆ ಈ ಆಲ್ಬಮ್‌ನ ಬೆಲೆ ಇರುವುದು ಇಲ್ಲಿಯೇ.

2008ರಲ್ಲಿ ಅಮೆರಿಕದ ಪೈ ರೆಕಾರ್ಡಿಂಗ್ಸ್ ಎಂಬ ಸಣ್ಣ ಸ್ವತಂತ್ರ ಸಂಸ್ಥೆ ಇದನ್ನು ಹೊರತಂದಿತು. ಮಹಾಂತಪ್ಪ 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿ, ಕೊಲರಾಡೊದಲ್ಲಿ ಬೆಳೆದು, ಜಾಝ್ ಕಲಿತವರು. ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಧ್ವನಿಮುದ್ರಿಕೆಯೊಂದು ಅವರಿಗೆ ಕದ್ರಿಯವರ ಸಂಗೀತವನ್ನು ಪರಿಚಯಿಸಿತು. ಇತ್ತ ಕದ್ರಿಯವರು ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಿದ್ವಾಂಸರೊಬ್ಬರ ಮಗನಾಗಿ 1949ರಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ದೀರ್ಘಕಾಲ ದುಡಿದವರು. ಈ ಇಬ್ಬರ ಜೊತೆಗೆ ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ, ಗಿಟಾರ್‌ನಲ್ಲಿ ರೆಜ್ ಅಬ್ಬಾಸಿ, ಬೇಸ್‌ನಲ್ಲಿ ಕಾರ್ಲೊ ಡಿ ರೋಸಾ, ಡ್ರಮ್ಸ್‌ನಲ್ಲಿ ರಾಯಲ್ ಹಾರ್ಟಿಗನ್ ಇದ್ದಾರೆ.

ಮಹಾಂತಪ್ಪ, ಕದ್ರಿ ಇಬ್ಬರೂ ನುಡಿಸುವುದು ಸ್ಯಾಕ್ಸೋಫೋನಿನ ಹಲವು ಗಾತ್ರಗಳಲ್ಲಿ ಒಂದಾದ ಆಲ್ಟೋವನ್ನೇ. ಮೊದಮೊದಲು ಸಮೂಹದ ನಡುವೆ ಯಾವುದು ಯಾರ ನುಡಿ ಎಂದು ತಿಳಿಯುವುದು ಕಷ್ಟ. ಕೇಳುತ್ತ ಹೋದಂತೆ ಅದು ಮಾತನಾಡುವವರ ದನಿ ಗುರುತಿಸಿದಷ್ಟು ಸಹಜವಾಗುತ್ತದೆ. ಸ್ಯಾಕ್ಸೋಫೋನಿನ ಕೀಲಿಗಳು ಒಂದೊಂದು ಸ್ವರವನ್ನೂ ಅದರ ಸ್ಥಾನದಲ್ಲಿ ಕಟ್ಟಿಹಾಕುತ್ತವೆ, ಕರ್ನಾಟಕ ಸಂಗೀತಕ್ಕಾದರೋ ಸ್ವರಕ್ಕಿಂತ ಸ್ವರಗಳ ನಡುವಿನ ಓಲಾಟವೇ ಮುಖ್ಯ. ಕದ್ರಿಯವರು ವಾದ್ಯದಲ್ಲಿಯೇ ಮಾರ್ಪಾಡು ಮಾಡಿಕೊಂಡು, ತುಟಿ, ದವಡೆ ಮತ್ತು ಉಸಿರಿನ ಹದದಿಂದ ಆ ಓಲಾಟವನ್ನು ಸಾಧಿಸಿದರು. ಹಾಗಾಗಿ ಅವರ ಗಾಂಧಾರವಾಗಲಿ ನಿಷಾದವಾಗಲಿ ಬೋಳಾಗಿ ಬಂದು ನಿಲ್ಲುವುದಿಲ್ಲ, ಹಿಂದಿನ ಸ್ವರದ ನೆರಳನ್ನು ಜೊತೆಗೆ ತರುತ್ತದೆ. ಮಹಾಂತಪ್ಪನವರ ನಾದ ಇದಕ್ಕಿಂತ ಚೂಪು, ನೇರ. ಪ್ರತಿ ಸ್ವರದ ಆರಂಭವೂ ಸ್ಪಷ್ಟವಾಗಿರುತ್ತದೆ, ವೇಗದ ಸರಣಿಗಳಲ್ಲಿಯೂ ಅಂಚು ಮಸುಕಾಗುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಅನುಕರಿಸದೆ ಅಕ್ಕಪಕ್ಕದಲ್ಲಿ ನಿಂತು ನುಡಿಸಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಎರಡು ಪದ್ಧತಿಗಳನ್ನು ಬೆರೆಸುವ ಅನೇಕ ಆಲ್ಬಮ್‌ಗಳಲ್ಲಿ ಇಬ್ಬರೂ ಅರ್ಧರ್ಧ ಬಿಟ್ಟುಕೊಟ್ಟು ಕೊನೆಗೆ ಯಾರದ್ದೂ ಅಲ್ಲದ ಸಂಗೀತ ಉಳಿಯುತ್ತದೆ.

ದೊಡ್ಡ ರಚನೆಗಳ ನಡುವೆ ಕಲಾವಿದರು ಒಬ್ಬೊಬ್ಬರೇ ತಾಳದ ಕಟ್ಟಿಲ್ಲದೆ ನುಡಿಸುವ ಚಿಕ್ಕ ಆಲಾಪನೆಗಳಿವೆ. ಮೊದಲು ಇವು ಬಿಡುವಿನ ತುಣುಕುಗಳಂತೆ ತೋರಿದರೂ, ಈಗ ಇವುಗಳಿಂದಲೇ ಆಲ್ಬಮ್ ಒಳಗೆ ಪ್ರವೇಶಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕದ್ರಿಯವರ ಆಲಾಪನೆ ಕೇಳಿದ ಮೇಲೆ ಗಿಟಾರ್‌ನ ಆಲಾಪನೆ ಕೇಳಿದರೆ, ರಾಗದ ಕಟ್ಟಿಲ್ಲದೆಯೂ ನಿಧಾನವಾಗಿ ಒಂದು ಭಾವವನ್ನು ಬಿಡಿಸುವ ಕ್ರಮ ಹೇಗಿರಬಹುದು ಎಂಬುದು ಅರ್ಥವಾಗುತ್ತದೆ. ಕಲ್ಯಾಣಿ ರಾಗದ ಹೆಸರನ್ನೇ ಹೊತ್ತ ರಚನೆಯೂ ಇದೆ. ಪ್ರತಿ ಮಧ್ಯಮದ (ಏರಿಸಿದ ‘ಮ’ ಸ್ವರದ) ಈ ಮೇಳಕರ್ತ (ಬೇರೆ ರಾಗಗಳಿಗೆ ಮೂಲವಾದ) ರಾಗದ ಸಪ್ತಸ್ವರಗಳು ಜಾಝ್ ಕಲಾವಿದರು ಲಿಡಿಯನ್ ಎಂದು ಕರೆಯುವ ಸ್ವರಶ್ರೇಣಿಯೊಂದಿಗೆ ಸರಿಹೊಂದುವುದರಿಂದ, ಸ್ವರಗಳು ಒಂದೇ ಆಗಿದ್ದರೂ ಗಮಕ (ಸ್ವರದ ಓಲಾಟ) ಮತ್ತು ಸಂಚಾರದಿಂದ (ಸ್ವರಗಳ ನಡೆಯಿಂದ) ರಾಗ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಸಂಗೀತ ಕಲಿಯುವ ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ನೆಪ.

ಕೊರತೆಗಳೂ ಇವೆ. ಡ್ರಮ್ಸ್ ಮತ್ತು ಬೇಸ್ ಒಟ್ಟಾಗಿ ಏರಿದಾಗ ಮೃದಂಗದ ಎಡಗೈಯ ಗುಮ್ಕಿ ಎಂಬ ತಗ್ಗಿನ ನಾದ ಮುಳುಗಿಹೋಗುತ್ತದೆ, ಮೊಬೈಲಿನ ಸ್ಪೀಕರ್‌ನಲ್ಲಂತೂ ಅದು ಇಲ್ಲವೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಇಲ್ಲದವರು ಶ್ರೀಜಿಯವರ ಕೈಚಳಕದ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಕದ್ರಿಯವರೊಡನೆ ಎಷ್ಟೋ ಕಛೇರಿಗಳಲ್ಲಿ ಸರಿಸಮವಾಗಿ ನುಡಿಸಿದ ಕನ್ಯಾಕುಮಾರಿಯವರಿಗೆ ಸಮೂಹದ ಭಾಗಗಳಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು ಎಂಬುದು ಪ್ರತಿ ಸಲವೂ ಅನಿಸುತ್ತದೆ. ಆರಂಭದ ವರ್ಣದಿಂದ ಕೊನೆಯ ಮಂಗಳದವರೆಗಿನ ಕಛೇರಿಯ ಕ್ರಮ ಬಯಸುವವರಿಗೆ, ಕೆಲಸದ ನಡುವೆ ಹಿನ್ನೆಲೆಯಲ್ಲಿ ಮೆಲುವಾಗಿ ಕೇಳಬೇಕೆನ್ನುವವರಿಗೆ ಇದು ಹಿಡಿಸಲಾರದು. ಲೆಕ್ಕಾಚಾರದ ತಾಳ, ದಟ್ಟ ಸಂಯೋಜನೆ ಪೂರ್ಣ ಗಮನ ಕೇಳುತ್ತವೆ.

ನಮ್ಮ ಪೇಟೆಯ ಅಂಗಡಿಗಳಲ್ಲಿ ಇದರ ಸಿಡಿ ನನಗೆ ಸಿಗಲಿಲ್ಲ, ಡಿಜಿಟಲ್ ರೂಪದಲ್ಲಿಯೇ ಕೊಂಡೆ. ಕೊಳ್ಳುವವರು ಧ್ವನಿಯನ್ನು ಹೆಚ್ಚು ಹಿಂಡದ (ಕಂಪ್ರೆಸ್ ಮಾಡದ) ಕಡತವನ್ನೇ ಆರಿಸಿಕೊಳ್ಳುವುದು ಲೇಸು. ಕದ್ರಿಯವರು 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡ ನಂತರ ಅವರ ಕಛೇರಿಗಳ ಧ್ವನಿಮುದ್ರಣ ಹುಡುಕುತ್ತಿರುವವರು, ತಮಗೆ ಚೆನ್ನಾಗಿ ಗೊತ್ತಿರುವ ಆ ನಾದ ಅಪರಿಚಿತರ ಮಧ್ಯೆ ಒಂದಿಷ್ಟೂ ಬಾಗದೆ ಹೇಗೆ ನಿಂತಿದೆ ಎಂದು ತಿಳಿಯಲು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಆರಂಭಿಸುವುದಾದರೆ ಕದ್ರಿಯವರ ಆಲಾಪನೆ, ಅನಂತರ ಕಲ್ಯಾಣಿ, ಆಮೇಲೆ ಮೊದಲಿನಿಂದ ಕೊನೆಯವರೆಗೆ ಪೂರ್ತಿ.